ಬಸಣ್ಣನ ಪಿಕಪ್ಪಿಗೆ ನನ್ನ ತಪಾಸಣೆ

ನನಗೆ ಯಾರನ್ನೂ ನಂಬದ ಕಾಯಿಲೆ ಇದೆ ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ನನ್ನದು ಕಾಯಿಲೆಯಲ್ಲ, ಎಚ್ಚರಿಕೆ. ಡೊಂಬಿವಲಿ ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಕಲ್ಯಾಣ ಸ್ಲೋ ಲೋಕಲ್ ಎಂದು ಕಣ್ಣಿಗೆ ರಾಚುವಂತೆ ಬರೆದಿದ್ದರೂ ಪಕ್ಕದಲ್ಲಿ ನಿಂತವರನ್ನು ಒಮ್ಮೆ ಕೇಳುತ್ತೇನೆ. ಅವರು ಹೌದೆಂದರೆ, ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಗಾಡಿ ಹೋಗಿರುತ್ತದೆ. ಮನೆಗೆ ಬೀಗ ಹಾಕಿ ಎರಡು ಮೂರು ಸಲ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಜಗ್ಗಿ, ಮೆಟ್ಟಿಲಿಳಿದು, ಜಗ್ಗಿದ್ದು ನಮ್ಮ ಮನೆಯ ಬೀಗವನ್ನೇ ಹೌದೋ ಅಲ್ಲವೋ ಎಂದು ನೋಡಲು ಮತ್ತೆ ಹತ್ತುತ್ತೇನೆ. ದಿನಚರಿ ಬರೆಯುವ ಅಭ್ಯಾಸವೂ ನನಗೆ ಹೀಗೇ ಅಂಟಿಕೊಂಡಿತು. ಸಾಹಿತ್ಯದ ಮೇಲಿನ ಪ್ರೀತಿಯೇನಲ್ಲ, ನನ್ನ ನೆನಪಿನ ಮೇಲೂ ನನಗೆ ಭರವಸೆ ಇಲ್ಲ, ಅಷ್ಟೇ. ತಾರೀಖು ಹಾಕಿ, ಹಾಲಿನವನು ತಡವಾಗಿ ಬಂದ ದಿನಗಳಿಗೆ ಗೀಟು ಎಳೆದು, ತಿಂಗಳ ಕೊನೆಗೆ ಕೂಡಿಸಿ ಅವನ ಮುಂದೆ ಹಿಡಿಯುತ್ತೇನೆ. ಅವನು ನಗುತ್ತಾನೆ. ಆ ನಗುವಿನ ಮೇಲೂ ನನಗೆ ಅನುಮಾನ.

ಇಂಥ ಹುಡುಗಿಯೊಬ್ಬಳು ಹಳೆಯ ಪಿಕಪ್ಪು ಕೊಳ್ಳಬಾರದು. ಆದರೆ ಕೊಳ್ಳದೆ ಗತಿ ಇರಲಿಲ್ಲ. ನಮ್ಮದು ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುವ ಕಸುಬು. ಕುಂದಾಪುರದ ಕಡೆಯಿಂದ ಬಂದ ಅಪ್ಪ ಡೊಂಬಿವಲಿಯಲ್ಲಿ ಒಂದು ಗ್ರೈಂಡರ್ ಇಟ್ಟು ಶುರು ಮಾಡಿದ್ದನ್ನು ಅವರ ನಂತರ ಅಮ್ಮ ನಾಲ್ಕು ಗ್ರೈಂಡರ್‌ಗಳಿಗೆ ಬೆಳೆಸಿದ್ದಾರೆ. ಅಮ್ಮನ ತಮ್ಮ ಭಾಸ್ಕರ ಮಾವ ಸಾಗಣೆ ನೋಡಿಕೊಳ್ಳುತ್ತಾನೆ, ನಾನು ಉಳಿದವರನ್ನೆಲ್ಲ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ಬಾಡಿಗೆ ಟೆಂಪೋದಲ್ಲೇ ನಡೆದಿತ್ತು. ಈ ವರ್ಷ ಬೇಲಾಪುರದ ಒಂದು ದೊಡ್ಡ ಕಚೇರಿಯ ಕ್ಯಾಂಟೀನಿನವರು ನಮ್ಮ ಹಿಟ್ಟು ಕೇಳಿದರು. ಒಂದು ತಿಂಗಳ ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಹಿಟ್ಟು ಅಡುಗೆಮನೆಯಲ್ಲಿ ಇರಬೇಕು. ಒಂದೇ ಒಂದು ದಿನ ತಪ್ಪಿದರೂ ಹಳೆಯ ಸರಬರಾಜಿನವನನ್ನೇ ಕರೆಯುತ್ತೇವೆ ಎಂದು ಕ್ಯಾಂಟೀನಿನ ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ಆ ಒಂದು ಕ್ಯಾಂಟೀನು ನಮ್ಮ ಉಳಿದ ಎಲ್ಲ ಗಿರಾಕಿಗಳಿಗೆ ಸಮ. ಬಾಡಿಗೆ ಟೆಂಪೋದವನಿಗೆ ನಿದ್ರೆ ಎಂದರೆ ಪ್ರಾಣ. ಮೇಲಾಗಿ ಹಿಟ್ಟು ಕಾಯುವ ಸಾಮಾನಲ್ಲ. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದು ತಾಸು ಸಿಕ್ಕಿಕೊಂಡರೆ ಡಬ್ಬದ ಮುಚ್ಚಳ ಎತ್ತಿಕೊಂಡು ತಾನೇ ಇಳಿದು ನಡೆಯಲು ಶುರು ಮಾಡುತ್ತದೆ.

ಹೀಗಾಗಿ ಕಲ್ಯಾಣದ ಬಸಣ್ಣನ ಪಿಕಪ್ಪು ನೋಡಲು ಹೋದೆವು. ಬಸಣ್ಣ ವಿಜಯಪುರದ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬಂದು, ತಲೆಯ ಮೇಲೆ ಸಿಮೆಂಟು ಹೊತ್ತು, ಆಮೇಲೆ ಗಾಡಿಯ ಮೇಲೆ ಹೊರಿಸಿ, ಈಗ ಅದಕ್ಕಿಂತ ದೊಡ್ಡ ಗಾಡಿ ಕೊಂಡವರು. ಪಿಕಪ್ಪಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳಿದರು: “ನೋಡವಾ ತಂಗಿ, ಸುಳ್ಳ ಯಾಕ ಹೇಳ್ಲಿ. ಎರಡ್ ಲಕ್ಷ ಎಪ್ಪತ್ತ ಸಾವಿರ ಕಿಲೋಮೀಟರ್ ಓಡೈತಿ. ಆದ್ರ ಒಂದ ದಿನಾನೂ ನನ್ನ ನಡುದಾರ್ಯಾಗ ಬಿಟ್ಟಿಲ್ಲ.”

ಹಳೆಯ ಗಾಡಿ ಮಾರುವವರು ಮೀಟರನ್ನು ಹಿಂದಕ್ಕೆ ತಿರುಗಿಸುತ್ತಾರೆ ಎಂದು ನಾನು ಕೇಳಿದ್ದೆ. ಇವರು ತಿರುಗಿಸಿರಲಿಲ್ಲ. ಇಷ್ಟು ದೊಡ್ಡ ಅಂಕಿಯನ್ನು ತಾನಾಗಿಯೇ ಒಪ್ಪಿಕೊಳ್ಳುವ ಮನುಷ್ಯ ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಿಟ್ಟಿರಬೇಕು ಎಂದು ಅಲ್ಲೇ ನನಗೆ ಅನ್ನಿಸಿತು. ನನ್ನ ಮುಖ ನೋಡಿ ಅವರೇ ಮಾತು ಸೇರಿಸಿದರು: “ಎಂಟ್ ದಿನ ಓಡಸ್ರಿ. ಎಂಜಿನ್‌ದಾಗ ಏನರ ತಕರಾರ ಬಂತಂದ್ರ ತಂದ ನಿಲ್ಲಸ್ರಿ, ನಿಮ್ಮ ರೊಕ್ಕ ನಿಮಗ. ಎಲ್ಲಾ ಚಲೋ ಅನಿಸಿದ ಮ್ಯಾಲೆ ಕಾಗದ ನಿಮ್ಮ ಹೆಸರಿಗೆ ಮಾಡೂಣು.”

ಹಣ ಎಣಿಸಿ ಕೊಟ್ಟು ಗಾಡಿಯೊಂದಿಗೆ ಹಿಂತಿರುಗುವಾಗ ಮಾವ, “ಪಾಪದ ಮನ್ಷ್ಯ, ಅಲ್ದಾ?” ಎಂದ.

“ಅದೇ ನನಗೆ ಭಯ” ಎಂದೆ.

ಮೊದಲ ದಿನದಿಂದಲೇ ತಪಾಸಣೆ ಶುರುವಾಯಿತು. ಬಹಳ ಓಡಿದ ಹಳೆಯ ಪಿಕಪ್ಪು ಕೊಂಡವರು ಏನೇನು ನೋಡಬೇಕು ಎಂದು ಹೇಳುವ ವೀಡಿಯೋಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಮಾತಾಡುವವರಿಗೆ ಲೋಕದ ಎಲ್ಲ ಗಾಡಿಗಳ ಮೇಲೂ ನನ್ನಂಥದೇ ಅಭಿಪ್ರಾಯ ಇರುವುದರಿಂದ ನನಗೆ ಅವರು ಬಹಳ ಹಿಡಿಸಿದರು. ಅವರು ಹೇಳಿದಂತೆ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಶುರು ಮಾಡಿಸಿ ಕೇಳಿದೆ. ಗಾಡಿಯ ಅಡಿಯಲ್ಲಿ ರಟ್ಟು ಹಾಸಿ ಬೆಳಗಾದ ಮೇಲೆ ಹನಿ ಬಿದ್ದಿದೆಯೇ ಎಂದು ನೋಡಿದೆ. ಬಿದ್ದಿರಲಿಲ್ಲ. ರಟ್ಟನ್ನು ತಿರುಗಿಸಿಯೂ ನೋಡಿದೆ. ಟಯರಿನ ಬದಿಯಲ್ಲಿ ಅಚ್ಚೊತ್ತಿದ ತಯಾರಿಕೆಯ ವಾರವನ್ನು ಟಾರ್ಚು ಹಿಡಿದು ಓದಿದೆ. ಸ್ಟೇರಿಂಗ್ ಎಷ್ಟು ಸಡಿಲ ಎಂದು ಅಲ್ಲಾಡಿಸಿದೆ. ಹೊಗೆಯ ಬಣ್ಣ ನೋಡಲು ಸೈಲೆನ್ಸರಿಗೆ ಬಿಳಿಯ ಕರವಸ್ತ್ರ ಹಿಡಿದೆ. ಕರವಸ್ತ್ರ ಹಾರಿ ಚರಂಡಿಗೆ ಬಿದ್ದದ್ದರಿಂದ ಆ ಪರೀಕ್ಷೆಯ ಫಲಿತಾಂಶ ಇಂದಿಗೂ ಗೊತ್ತಾಗಿಲ್ಲ. ಡಬ್ಬ ತುಂಬುವ ಹೊತ್ತಿಗೆ ಮಾವ ಸ್ಟೇರಿಂಗ್ ಹಿಡಿದು ಕುಳಿತೇ ಇರುತ್ತಿದ್ದ. ನಾನು ಗಾಡಿಯ ಅಡಿಯಿಂದ ಹೊರಬಂದ ಮೇಲಷ್ಟೇ ಅವನಿಗೆ ಹೊರಡಲು ಅನುಮತಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ಗೇಜು. ಎಂಜಿನ್ನಿನೊಳಗೆ ಎಣ್ಣೆ ಎಷ್ಟಿದೆ, ಹೇಗಿದೆ ಎಂದು ಎಳೆದು ನೋಡುವ ಉದ್ದನೆಯ ಕಡ್ಡಿ ಅದು. ಕಡ್ಡಿಯನ್ನು ಹೊರಗೆಳೆಯಬೇಕು, ಶುಭ್ರವಾದ ಹತ್ತಿಯ ಬಟ್ಟೆಯಿಂದ ಒರೆಸಬೇಕು, ಮತ್ತೆ ಒಳಗಿಳಿಸಿ ತೆಗೆದು ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಹೆದರಬೇಕಿಲ್ಲ, ಆದರೆ ಚಹಾದ ಕೆನೆಯ ಹಾಗೆ ಬಿಳಿ ಕಂಡರೆ ಮುಗಿಯಿತು. ಎಂಜಿನ್ನನ್ನು ತಂಪಾಗಿಡುವ ನೀರು ಎಣ್ಣೆಗೆ ಸೇರುತ್ತಿದೆ, ಎರಡನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಒಡೆದಿದೆ, ಎಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ. ವೀಡಿಯೋದವನು ಇದನ್ನು ಹೇಳುವಾಗ ಹಿನ್ನೆಲೆಯಲ್ಲಿ ಶೋಕದ ಸಂಗೀತ ಹಾಕಿದ್ದ.

ಶುಭ್ರವಾದ ಹತ್ತಿಯ ಬಟ್ಟೆಗೆ ನಮ್ಮಲ್ಲಿ ಬರವಿಲ್ಲ. ಅಮ್ಮ ಹಳೆಯ ಪಂಚೆಗಳನ್ನು ಚೌಕವಾಗಿ ಹರಿದು, ಬಿಸಿನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ ಹಿಟ್ಟಿನ ಡಬ್ಬಗಳ ಬಾಯಿಗೆ ಕಟ್ಟುತ್ತಾರೆ. ಡಬ್ಬಕ್ಕೆ ಮುಚ್ಚಳ ಬಿಗಿದರೆ ಹಿಟ್ಟಿಗೆ ಉಸಿರು ಕಟ್ಟುತ್ತದೆ, ಮೇಲೆ ಬಟ್ಟೆ ಇರಬೇಕು ಎಂಬುದು ಅವರ ಮತ. ಮುಚ್ಚಳವೇನಿದ್ದರೂ ಗಾಡಿ ಹತ್ತುವಾಗ ಮಾತ್ರ. ಹಿಟ್ಟನ್ನು ಕೈಯಲ್ಲೇ ಕಲಸಬೇಕು ಎಂಬುದು ಇನ್ನೊಂದು ಮತ, ಮನುಷ್ಯನ ಕೈಯ ಬಿಸಿ ತಾಗದೆ ಅದು ಉಬ್ಬುವುದಿಲ್ಲವಂತೆ. ಈ ವಿಷಯದಲ್ಲಿ ನನ್ನ ಕೈಯ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇಲ್ಲ. “ನೀ ಕಲ್ಸಿದ್ ಹಿಟ್ಟ್ ನಿನ್ ಹಾಂಗೇ. ಉಬ್ಬುದಾ ಬ್ಯಾಡ್ದಾ ಅಂತ ಯೋಚ್ನೆ ಮಾಡತ್ತ್” ಎನ್ನುತ್ತಾರೆ. ನಾನು ದಿನವೂ ಬೆಳಿಗ್ಗೆ ನನ್ನ ಪಾಲಿನ ಡಬ್ಬಗಳಲ್ಲಿ ಕೈಯಾಡಿಸಿ, ಒಂದು ಬಟ್ಟೆಯ ತುಂಡು ಎಳೆದುಕೊಂಡು ಕೈ ಒರೆಸುತ್ತ ಹೊರಗೆ ಬಂದು, ಬಾನೆಟ್ ಎತ್ತಿ, ಗೇಜು ಎಳೆದು, ಒರೆಸಿ, ಇಳಿಸಿ, ತೆಗೆದು ನೋಡುತ್ತಿದ್ದೆ. ಕಪ್ಪಾದ ಬಟ್ಟೆ ಮತ್ತೆ ಹಿಟ್ಟಿನ ಹತ್ತಿರ ಸುಳಿಯಬಾರದೆಂದು ಡ್ರೈವರ್ ಸೀಟಿನ ಅಡಿಗೆ ತುರುಕುತ್ತಿದ್ದೆ. ಸ್ವಚ್ಛತೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಮೂರನೆಯ ದಿನ ಕಡ್ಡಿಯ ಮೇಲೆ ಬಿಳಿ ಎಳೆ ಕಂಡಿತು. ನಾಲ್ಕನೆಯ ದಿನ ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ನನಗೆ ಆದದ್ದು ದುಃಖ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಆದದ್ದು ಒಂದು ಬಗೆಯ ಸಮಾಧಾನ. ನಾನು ಹೇಳಿರಲಿಲ್ಲವೇ ಎಂದು ಹೇಳಲು ಓಡಿ ಹೋದೆ. ಬೇಲಾಪುರದ ನೆನಪಾದದ್ದು ಅರ್ಧ ದಾರಿಯಲ್ಲಿ.

ಎಣ್ಣೆಗೆ ನೀರು ಸೇರುತ್ತಿದ್ದರೆ ರೇಡಿಯೇಟರಿನ ನೀರು ಕಡಿಮೆಯಾಗಬೇಕು. ಆಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಇಲ್ಲಿಗೆ ನಿರಾಳವಾಗುತ್ತಿದ್ದರೇನೋ. ನಾನು ಮಾತ್ರ, ಕಡಿಮೆಯಾಗಬೇಕಾದದ್ದು ಆಗುತ್ತಿಲ್ಲ ಎಂದರೆ ಯಾರೋ ಗುಟ್ಟಾಗಿ ತುಂಬಿಸುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದೆ. ಆ ಯಾರೋ ಭಾಸ್ಕರ ಮಾವನೇ ಆಗಿರಬೇಕು. ಬಸಣ್ಣನ ಬಗ್ಗೆ ಅವನಿಗೆ ಮೊದಲ ದಿನದಿಂದಲೂ ಮಮತೆ, ಅವರ ಹಳೆಯ ಗಾಡಿಯ ಮಾನ ಕಾಯಲು ಇಷ್ಟು ಮಾಡಿಯಾನು. ಹಾಗಾಗಿ ಐದನೆಯ ದಿನ ರೇಡಿಯೇಟರಿನ ಮುಚ್ಚಳಕ್ಕೆ ಅಡ್ಡಲಾಗಿ ಒಂದು ಕಾಗದದ ಚೀಟಿ ಅಂಟಿಸಿ, ತಾರೀಖು ಬರೆದು ಸಹಿ ಹಾಕಿದೆ. ಅಂಟು ಸಿಗಲಿಲ್ಲ, ಉದ್ದಿನ ಹಿಟ್ಟೇ ಸಾಕಾಯಿತು. ಉದ್ದು ಒಣಗಿದರೆ ಯಾವ ಅಂಟಿಗೂ ಬಗ್ಗುವುದಿಲ್ಲ. ಆದರೆ ಬೇಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಚೀಟಿ ಮಾಯ.

“ಮಾವ, ಚೀಟಿ ಕಿತ್ತದ್ದು ಯಾಕೆ? ನೀರು ಹಾಕಿದೆಯಾ?”

“ಯಾವ್ ಚೀಟಿ? ನಂಗೆ ಬೇರೆ ಕೆಲ್ಸ ಇಲ್ಯಾ ಮಾರಾಯ್ತಿ? ಏಳ್ ಗಂಟಿ ಒಳಗೆ ಬೇಲಾಪುರ ಮುಟ್ಟುದಾ, ನಿನ್ ಚೀಟಿ ಕೀಳುದಾ?”

ಉತ್ತರ ಇಷ್ಟು ಉದ್ದ ಬಂದದ್ದರಿಂದ ನನ್ನ ಅನುಮಾನ ಗಟ್ಟಿಯಾಯಿತು.

ಮರುದಿನ ಹಿಟ್ಟು ಇಳಿಸಿದ ಮೇಲೆ ಗಾಡಿಯನ್ನು ಶಿಲ್‌ಫಾಟಾದ ಹತ್ತಿರ ಅನ್ವರ್ ಭಾಯಿಯ ಗ್ಯಾರೇಜಿಗೆ ಒಯ್ಯಲು ಹೇಳಿ ನಾನೂ ಜೊತೆಗೆ ಹೋದೆ. ಅನ್ವರ್ ಭಾಯಿ ಗೇಜಿಗೆ ಕೈ ಹಾಕಿದರು. ಮೆಕ್ಯಾನಿಕ್ಕುಗಳು ಕಣ್ಣೆದುರೇ ಏನಾದರೂ ಮಾಡಿ ಖರ್ಚು ಹುಟ್ಟಿಸುತ್ತಾರೆ ಎಂದು ವೀಡಿಯೋದವನು ಎಚ್ಚರಿಸಿದ್ದನಲ್ಲ, ನಾನು ತಡೆದು, ನಾನೇ ತೋರಿಸುತ್ತೇನೆ ಎಂದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಮ್ಮನ ಬಟ್ಟೆಯಿಂದ ಒರೆಸಿ, ಇಳಿಸಿ, ಎಳೆದು ಅವರ ಕಣ್ಣೆದುರು ಹಿಡಿದೆ. ಅವರು ಮುಖ ಗಂಭೀರ ಮಾಡಿಕೊಂಡು, ರೇಡಿಯೇಟರಿನ ಮುಚ್ಚಳದ ಸುತ್ತ ಒಣಗಿದ್ದ ಬಿಳಿಯ ಕಲೆಯ ಮೇಲೆ ಬೆರಳಾಡಿಸಿದರು. “ಇಧರ್ ಭೀ ಲೀಕೇಜ್ ಕಾ ನಿಶಾನ್ ಹೈ, ಮೇಡಂ. ಹೆಡ್ ಖೋಲ್ನಾ ಪಡೇಗಾ. ಚಾರ್ ದಿನ್ ಗಾಡೀ ಛೋಡೋ.”

ಇಲ್ಲೂ ಸೋರಿಕೆಯ ಗುರುತಂತೆ, ಎಂಜಿನ್ನಿನ ತಲೆ ಬಿಚ್ಚಬೇಕಂತೆ. ನಾಲ್ಕು ದಿನ ಗಾಡಿ ಬಿಟ್ಟರೆ ಬೇಲಾಪುರವನ್ನೂ ಬಿಟ್ಟ ಹಾಗೆ. ಬಿಡದೆ ಓಡಿಸಿದರೆ ಎಂಜಿನ್ ಯಾವ ಬೆಳಿಗ್ಗೆ ಎಲ್ಲಿ ಕೈ ಕೊಡುತ್ತದೋ ಹೇಳಲಾಗದು. ಬಸಣ್ಣ ಕೊಟ್ಟ ಗಡುವಿನಲ್ಲಿ ಇನ್ನು ಎರಡು ದಿನ ಉಳಿದಿತ್ತು. ನಾನು ಫೋನು ತೆಗೆದು, ತಾರೀಖುವಾರು ಬಿಳಿಯ ಬೆಳವಣಿಗೆಯನ್ನು ವಿವರಿಸಿ, ಕೊನೆಗೆ, “ಒಡೆದ ಎಂಜಿನ್ ಅಂತ ಗೊತ್ತಿದ್ದೇ ನಮ್ಮ ತಲೆಗೆ ಕಟ್ಟಿದಿರಿ. ನಿಮ್ಮ ಗಾಡಿ ನೀವು ಒಯ್ಯಿರಿ” ಎಂದುಬಿಟ್ಟೆ.

“ಬರ್ತೀನ್ರೀ ಮೇಡಂ” ಎಂದರು ಬಸಣ್ಣ. ತಂಗಿಯಾಗಿದ್ದವಳು ಮೇಡಂ ಆದೆ.

ಮಧ್ಯಾಹ್ನ ಬಸಣ್ಣ ಬಂದರು. ಬಂದವರು ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಮಾವ ಅವರ ಪಕ್ಕದಲ್ಲಿ ತಪ್ಪಿತಸ್ಥನಂತೆ ನಿಂತ. ಕಲಸುತ್ತಿದ್ದ ಹಿಟ್ಟಿನಿಂದ ಕೈ ತೆಗೆದು ಒರೆಸಿಕೊಳ್ಳುತ್ತ ಬಂದ ನಾನು ಸಾಕ್ಷಿ ಸಮೇತ ತೋರಿಸಲು ಮತ್ತೆ ಗೇಜು ಎಳೆದು, ಒರೆಸಿ, ಇಳಿಸಿ, ತೆಗೆದೆ. ಬಿಳಿ ಎಳೆ ಎಂದಿಗಿಂತ ಚೆನ್ನಾಗಿ ಮೂಡಿತ್ತು. ಬಸಣ್ಣನ ಮುಖ ಸಣ್ಣದಾಯಿತು. ಜಗಳಕ್ಕೆ ತಯಾರಾಗಿದ್ದ ನನಗೆ ಅದು ಬೇಡವಾಗಿತ್ತು.

“ನನ್ನ ಕೈಯಾಗ ಇದ್ದಾಗ ಹಿಂಗ ಇರಲಿಲ್ರಿ” ಎಂದರು ಮೆಲ್ಲಗೆ. “ಆದ್ರ ಕಣ್ಣಿಲೆ ಕಂಡ ಮ್ಯಾಲೆ ಏನ ಮಾತಾಡ್ಲಿ? ಕೊಟ್ಟ ಮಾತ ಮಾತ. ಗಾಡಿ ನಾ ಒಯ್ತೀನಿ. ನಾಳಿ ರೊಕ್ಕ ತಂದ ಮುಟ್ಟಸ್ತೀನಿ.”

ಸುಮಾರು ಆ ಹೊತ್ತಿಗೆ ಅಮ್ಮ ಒಳಗಿನಿಂದ ಬಂದರು. ಬಂದದ್ದು ಗಾಡಿಯ ವಿಷಯಕ್ಕಲ್ಲ. ವಾರದಿಂದ ಅವರ ಬಟ್ಟೆಗಳು ಕಡಿಮೆಯಾಗುತ್ತಿದ್ದವಂತೆ. ಪಕ್ಕದ ಮಳಿಗೆಯಲ್ಲಿ ಪಾಪಡ್ ಮಾಡುವ ಹೆಂಗಸರ ಮೇಲೆ ಅವರಿಗೆ ಅನುಮಾನ. ಅವರನ್ನು ವಿಚಾರಿಸಲು ಹೊರಟವರು, ಹೇಗೂ ಗಾಡಿ ತಿರುಗಿ ಹೋಗುತ್ತದಲ್ಲ, ಒಳಗೆ ನಮ್ಮ ಸಾಮಾನು ಏನಾದರೂ ಉಳಿದಿದೆಯೇ ಎಂದು ನೋಡಲು ಡ್ರೈವರ್ ಸೀಟಿನ ಅಡಿಗೆ ಕೈ ಹಾಕಿದರು. ಒಂದು ಕಂತೆ ಹೊರಬಂತು. ಅಮ್ಮ ಒಂದೊಂದೇ ಬಿಡಿಸಿ ಗಾಳಿಗೆ ಹಿಡಿದರು. ಕಪ್ಪೆಣ್ಣೆ, ಅದರ ಪಕ್ಕದಲ್ಲಿ ಒಣಗಿ ಹಪ್ಪಳದಂತಾದ ಬಿಳಿಯ ಹಿಟ್ಟು.

“ಹಿಟ್ಟಿನ್ ವಸ್ತ್ರಕ್ಕೆ ಈ ಗತಿ ಮಾಡದ್ದ್ ಯಾರಾ?” ಎಂದರು. ಎಲ್ಲರೂ ನನ್ನ ಕೈಯತ್ತ ನೋಡಿದರು. ನನ್ನ ಕೈಯಲ್ಲಿ ಇನ್ನೊಂದು ಇತ್ತು, ಒದ್ದೆಯಾಗಿ.

ಬಸಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿದರು. ತಮ್ಮ ಹೆಗಲ ಮೇಲಿನ ಒಣ ಟವೆಲ್ಲಿನಿಂದ ಕಡ್ಡಿಯನ್ನು ಒರೆಸಿದರು. ಇಳಿಸಿ, ತೆಗೆದು, ಮತ್ತೆ ಒರೆಸಿ, ಮತ್ತೆ ಇಳಿಸಿ ತೆಗೆದರು. ಎಣ್ಣೆ ಅಮಾವಾಸ್ಯೆಯಷ್ಟು ಕಪ್ಪಗಿತ್ತು. ಆಮೇಲೆ ನನ್ನ ಬಟ್ಟೆಯಿಂದ ಒರೆಸಿ ಇಳಿಸಿ ತೆಗೆದರು. ಬಿಳಿ ಎಳೆ ತಾನಾಗಿ ಹಾಜರಾಯಿತು. ಅವರು ರೇಡಿಯೇಟರಿನ ಮುಚ್ಚಳದ ಬಳಿ ಬಗ್ಗಿ, ಉಗುರಿನಿಂದ ಆ ಕಲೆಯನ್ನು ಕೆರೆದರು. ಎಂಜಿನ್ನಿನ ಬಿಸಿಗೆ ನಾನು ಅಂಟಿಸಿದ ಹಿಟ್ಟು ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ಚೀಟಿ ಅದಕ್ಕೇ ಕಳಚಿ ಹಾರಿ ಹೋಗಿತ್ತು. ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ಕೇಳಿದರು: “ಇದೇನ್ರೀ ಮೇಡಂ, ದ್ವಾಸಿ?”

ಮಾವ ನಗಲು ಗಾಡಿಯ ಹಿಂದಕ್ಕೆ ಹೋದ. ನಾನು ಅವನನ್ನು ವಿನಾಕಾರಣ ಸಂಶಯಿಸಿದ್ದೆನಾದ್ದರಿಂದ ಆ ನಗುವಿಗೆ ಅವನು ಅರ್ಹನಾಗಿದ್ದ. ಸ್ವಲ್ಪ ಹೆಚ್ಚಾಗಿಯೇ ನಕ್ಕ ಎಂಬುದು ನನ್ನ ಅಭಿಪ್ರಾಯ.

ಇಷ್ಟಕ್ಕೆ ಮುಗಿದಿದ್ದರೆ ನಾನು ಒಂದು ಕ್ಷಮೆ ಕೇಳಿ ಒಳಗೆ ಹೋಗಬಹುದಿತ್ತು. ಕೇಳಿಯೂ ಕೇಳಿದೆ. “ತಪ್ಪಾಯಿತು ಬಸಣ್ಣ. ಗಾಡಿ ಸರಿಯಾಗಿದೆ. ನಾವೇ ಇಟ್ಟುಕೊಳ್ಳುತ್ತೇವೆ” ಎಂದೆ, ಏನೋ ಉಪಕಾರ ಮಾಡುವವಳ ಧಾಟಿಯಲ್ಲಿ.

“ಇಲ್ರಿ” ಎಂದರು ಬಸಣ್ಣ. “ನಾ ಒಯ್ತೀನಿ ಅಂದೀನಿ. ಒಯ್ತೀನಿ.”

ಮೊದಲು ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. “ನೀವ್ ಆರ ದಿನ ನನ್ನ ಗಾಡಿ ಚೆಕ್ ಮಾಡೀರಿ, ನಾ ಸುಮ್ಮ ಇದ್ದೆ. ಈಗ ನಾ ನಿಮ್ಮನ್ನ ಚೆಕ್ ಮಾಡಬೇಕಲ್ರೀ? ಎಂಜಿನ್‌ದಾಗ ಹಿಟ್ಟ ಹಾಕವ್ರ ಕೈಯಾಗ ಗಾಡಿ ಹೆಂಗ ಕೊಡ್ಲಿ? ಇವತ್ತ ಹಿಟ್ಟ ಹಾಕೀರಿ, ನಾಳಿ ಚಟ್ನಿ ಹಾಕ್ತೀರಿ.”

ಕಾಗದ ಇನ್ನೂ ಅವರ ಹೆಸರಿನಲ್ಲೇ ಇತ್ತು. ಒಯ್ಯಿರಿ ಎಂದು ಫೋನಿನಲ್ಲಿ ನಾನೇ ಹೇಳಿದ್ದೆ, ಅದೂ ತಾರೀಖುಗಳ ಸಮೇತ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಟಯರಿಗೆ ಕಾಲಿನಿಂದ ತಟ್ಟಿದರು, ಬಾಗಿಲು ತೆಗೆದು ಹಾಕಿ ಕಿವಿಗೊಟ್ಟರು, ಅಡಿಗೆ ಬಗ್ಗಿ ನಾನು ಹಾಸಿದ್ದ ರಟ್ಟನ್ನು ಎಳೆದು ನೋಡಿದರು, ಅದನ್ನು ತಿರುಗಿಸಿಯೂ ನೋಡಿದರು. ನೋಡಿದ ಪ್ರತಿಯೊಂದಕ್ಕೂ ತುಟಿ ಬಿಗಿಹಿಡಿದು ತಲೆಯಾಡಿಸಿದರು. ನಾನು ಅವರ ಹಿಂದೆ ಹಿಂದೆಯೇ ಸುತ್ತಿದೆ. ನಾಳೆ ಬೆಳಿಗ್ಗೆ ಹಿಟ್ಟು ಬೇಲಾಪುರ ಮುಟ್ಟುವುದು ಈ ಮನುಷ್ಯನ ತಲೆಯಾಡಿಕೆಯ ಮೇಲೆ ನಿಂತಿತ್ತು. ಒಬ್ಬರು ನಮ್ಮನ್ನು ಹೀಗೆ ಮೇಲಿಂದ ಕೆಳಗೆ ತನಿಖೆ ಮಾಡುವಾಗ, ಮಾಡದ ತಪ್ಪುಗಳೂ ಮಾಡಿದ ಹಾಗೆಯೇ ಅನ್ನಿಸುತ್ತವೆ. ಆರು ದಿನ ಮಾವನೂ, ಇಷ್ಟು ಕಾಲ ಹಾಲಿನವನೂ ನನ್ನೊಡನೆ ಹೇಗೆ ಕಳೆದರೋ.

ನಾನು ಬೇಲಾಪುರದ ವಿಷಯ ಹೇಳಿದೆ. ಏಳು ಗಂಟೆಯ ಷರತ್ತು, ಒಂದೇ ಒಂದು ತಪ್ಪು, ಹಳೆಯ ಟೆಂಪೋದವನ ನಿದ್ರೆ, ಎಲ್ಲವನ್ನೂ ಹೇಳಿದೆ. ಅವರು ಕೇಳಿ, “ಗಾಡಿ ತಣ್ಣಗಿದ್ದಾಗ ಶುರು ಮಾಡಿದ ಮ್ಯಾಲೆ ಎಷ್ಟೊತ್ತ ನಿಲ್ಲಸ್ತೀರಿ?” ಎಂದರು. ಹೇಳಿದೆ. “ಏರಿನ್ಯಾಗ ಯಾವ ಗೇರ್?” ಮಾವ ಹೇಳಿದ. “ಗೇಜ ಯಾತರಲೆ ಒರಸ್ತೀರಿ?” ನಾನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದೆ. ಅಮ್ಮ ಅಷ್ಟರಲ್ಲಿ ಒಳಗಿನಿಂದ ತಟ್ಟೆಯಲ್ಲಿ ನಾಲ್ಕು ಇಡ್ಲಿ ಹಾಕಿಕೊಂಡು ಬಂದು, “ಅದ್ ಕಲ್ಸದ್ದ್ ನಾನ್, ಇವ್ಳಲ್ಲ. ಹೆದ್ರದೆ ತಿನ್ನಿ” ಎಂದು ಅವರ ಕೈಗೆ ಕೊಟ್ಟರು. ಬಸಣ್ಣ ಮುರಿದು ಬಾಯಿಗಿಟ್ಟರು. ಎರಡನೆಯದನ್ನೂ ಮುಗಿಸಿದರು.

“ಎಣ್ಣಿ ಪೂರಾ ಬದಲ ಮಾಡಸ್ರಿ, ನಿಮ್ಮ ಖರ್ಚಿಲೆ” ಎಂದರು ಕೊನೆಗೆ. “ಗೇಜಿಗೆ ತಂಗಿ ಕೈ ಹಚ್ಚಂಗಿಲ್ಲ. ಒಂದ ವರ್ಷ ಆಯಿತವಾರಕ್ಕೊಮ್ಮೆ ನಾ ಬಂದ ನೋಡ್ತೀನಿ. ಒಪ್ಪಿಗಿ ಇದ್ರ ಕಾಗದ ಮಾಡೂಣು.”

ಒಪ್ಪದೆ ಏನು ಮಾಡುವುದು? ಅದೇ ದಿನ ಎಣ್ಣೆ ಬದಲಾಯಿಸಿದೆವು. ಮರುದಿನ ಮಾವ ಏಳಕ್ಕೆ ಮುಂಚೆಯೇ ಬೇಲಾಪುರ ಮುಟ್ಟಿದ. ತಿಂಗಳು ಮುಗಿದ ಮೇಲೆ ಕ್ಯಾಂಟೀನಿನವರು ನಮ್ಮನ್ನೇ ಖಾಯಂ ಮಾಡಿದರು.

ಬಸಣ್ಣ ಆಡಿದಂತೆ ಪ್ರತಿ ರವಿವಾರ ಬರುತ್ತಾರೆ. ಗಾಡಿ ನಮ್ಮ ಹೆಸರಿಗೆ ಆಗಿ ತಿಂಗಳುಗಳೇ ಕಳೆದರೂ ಬಾನೆಟ್ ಅವರೇ ಎತ್ತುತ್ತಾರೆ, ಒಣ ಟವೆಲ್ಲಿನಿಂದ ಗೇಜು ಒರೆಸುತ್ತಾರೆ, ಎಣ್ಣೆಯನ್ನು ಮೂಸಿ ನನ್ನ ಕಡೆ ಒಮ್ಮೆ ನೋಡುತ್ತಾರೆ. ನಾನು ತೊಳೆದ ಎರಡೂ ಕೈಗಳನ್ನು ಮುಂದೆ ಚಾಚಿ ದೂರದಲ್ಲಿ ನಿಂತಿರುತ್ತೇನೆ. ನಂತರ ಅಮ್ಮ ಕೊಟ್ಟ ಇಡ್ಲಿ ತಿಂದು, ಮಾವನ ಹತ್ತಿರ ಊರಿನ ಮಾತಾಡಿ ಹೊರಡುತ್ತಾರೆ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವರು ರಸ್ತೆಯ ತಿರುವು ದಾಟಿದ ಮೇಲೆ, ಮಾವ ನೋಡದಿರುವಾಗ, ನಾನು ಬಾನೆಟ್ ಎತ್ತಿ ಅವರು ಏನನ್ನೂ ಬಿಚ್ಚಿಲ್ಲ ತಾನೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಕೈ ಹಚ್ಚುವುದಿಲ್ಲ. ಟಾರ್ಚು ಬಿಟ್ಟು ನೋಡುತ್ತೇನೆ, ಅಷ್ಟೇ.